ಅಮಾನತ್ತಿನಲ್ಲಿರುವ ಉಪಾಧ್ಯಾಯ

ಬೆಂಗಳೂರಿನ ಪೂರ್ವಕ್ಕೆ, ಒಂದು ಕಾಲದಲ್ಲಿ ಕೆರೆಯನ್ನು ನೆಮ್ಮಿ ಬದುಕಿದ ಹಳ್ಳಿಯಾಗಿದ್ದು ಇಂದು ಕಾರ್ಖಾನೆ, ಸಾಫ್ಟ್‌ವೇರ್ ಕಚೇರಿ, ಅಪಾರ್ಟ್‌ಮೆಂಟುಗಳ ನಡುವೆ ಹುದುಗಿಹೋಗಿರುವ ದೊಡ್ಡನೆಕ್ಕುಂದಿಯಲ್ಲಿ, ತಂದೆತಾಯಿಗಳಿಬ್ಬರೂ ದುಡಿಯಲು ಹೊರಡುವ ಮನೆಗಳು ಬಹಳ. ಹಗಲಿನ ಬಹುಭಾಗ ಮಗುವನ್ನು ಶಾಲೆಯ ವಶಕ್ಕೆ ಒಪ್ಪಿಸಿ ನಿಶ್ಚಿಂತರಾಗಿರುವ ಇಂಥವರ ಕಿವಿಗೆ, ಉಪಾಧ್ಯಾಯನೊಬ್ಬನ ಮೇಲೆ ಕ್ರಿಮಿನಲ್ ಮೊಕದ್ದಮೆ ದಾಖಲಾಯಿತೆಂಬ ವಾರ್ತೆ ಬಿದ್ದರೆ, ಆ ಒಂದು ಕ್ಷಣದಲ್ಲಿ ವಿಶ್ವಾಸದ ಬುಡವೇ ಅಲುಗಿದಂತಾಗುವುದು ಸಹಜ. 2014ರ ಜುಲೈ ತಿಂಗಳಲ್ಲಿ ಇಲ್ಲಿಗೆ ಅನತಿದೂರದ ಮಾರತ್ತಹಳ್ಳಿ ಪ್ರದೇಶದ ಖಾಸಗಿ ಶಾಲೆಯೊಂದರಲ್ಲಿ ಆರು ವರ್ಷದ ಬಾಲಕಿಯ ಮೇಲೆ ಲೈಂಗಿಕ ದೌರ್ಜನ್ಯವಾಯಿತೆಂಬ ದೂರು ಹೊರಬಿದ್ದಾಗ ಪಾಲಕರು ಬೀದಿಗಿಳಿದರು. ಪೊಲೀಸರು ಮೊದಲು ಸ್ಕೇಟಿಂಗ್ ಕಲಿಸುತ್ತಿದ್ದವನನ್ನು ಬಂಧಿಸಿದರು. ಆ ತಿಂಗಳು ಮುಗಿಯುವಷ್ಟರಲ್ಲಿ ತನಿಖೆಯ ದಿಕ್ಕು ಬದಲಾಗಿ, ವ್ಯಾಯಾಮ ಶಿಕ್ಷಕರಿಬ್ಬರ ಬಂಧನವಾಯಿತು. ಪಾಲಕರ ಕೋಪ ನ್ಯಾಯವಾದದ್ದು. ಆದರೆ ಮೊದಲು ಸೆರೆಸಿಕ್ಕಿದವನೇ ಅಪರಾಧಿಯೆಂದು ಆ ವಾರವೇ ತೀರ್ಮಾನಿಸಿಬಿಟ್ಟಿದ್ದರೆ ಮಗುವಿಗೂ ನ್ಯಾಯ ದೊರೆಯುತ್ತಿರಲಿಲ್ಲವೆಂಬುದು ಅಷ್ಟೇ ಸತ್ಯ.

ದೋಷ ಸಾಬೀತಾಗುವ ಮುನ್ನ ಶಿಕ್ಷಿಸಕೂಡದು, ಸಂಶಯವಿರುವಾಗ ಮಕ್ಕಳ ನಡುವೆ ಬಿಡಲೂ ಕೂಡದು ಎಂಬ ಈ ಉಭಯಸಂಕಟಕ್ಕೆ ಕಾನೂನು ಕಂಡುಕೊಂಡ ಮಧ್ಯಮಮಾರ್ಗವೇ ಅಮಾನತ್ತು, ಜನರ ಮಾತಿನಲ್ಲಿ ಸಸ್ಪೆಂಡು. ಸರ್ಕಾರಿ ಶಾಲೆಯ ಉಪಾಧ್ಯಾಯರಿಗೆ ಅನ್ವಯಿಸುವ 1957ರ ಕರ್ನಾಟಕ ಸಿವಿಲ್ ಸೇವಾ ನಿಯಮಗಳ 10ನೆಯ ನಿಯಮ ಇದನ್ನು ವಿಧಿಸುತ್ತದೆ. ನೌಕರನು 48 ಗಂಟೆಗಳಿಗೂ ಮೀರಿ ಬಂಧನದಲ್ಲಿದ್ದರೆ, ಬಂಧನದ ದಿನದಿಂದಲೇ ಅಮಾನತ್ತಿನಲ್ಲಿದ್ದಾನೆಂದು ಭಾವಿಸತಕ್ಕದ್ದು. ಕೈಗೆ ಬರುವ ಆದೇಶದಲ್ಲಿ ‘ಇಲಾಖಾ ವಿಚಾರಣೆಯನ್ನು ಕಾಯ್ದಿರಿಸಿ’ ಎಂಬ ಒಂದು ಮಾತು, ಅಪ್ಪಣೆಯಿಲ್ಲದೆ ಕೇಂದ್ರಸ್ಥಾನ ಬಿಡತಕ್ಕದ್ದಲ್ಲವೆಂಬ ಇನ್ನೊಂದು ಮಾತು ತಪ್ಪದೆ ಇರುತ್ತವೆ. ಕೆಲಸವಿಲ್ಲ, ಆದರೆ ನೌಕರಿ ಹೋಗಿಲ್ಲ. ಪೂರ್ಣ ವೇತನವಿಲ್ಲ, ಆದರೆ ಬೇರೆ ಉದ್ಯೋಗ ಹಿಡಿಯುವಂತಿಲ್ಲ. ಹಿಡಿದಿಲ್ಲವೆಂದು ಬರೆದುಕೊಟ್ಟಮೇಲೆಯೇ ಜೀವನಾಧಾರ ಭತ್ಯೆ. ಆರಂಭದಲ್ಲಿ ಅದು ವೇತನದ ಅರ್ಧದಷ್ಟು. ವಿಳಂಬಕ್ಕೆ ನೌಕರ ಕಾರಣನಲ್ಲದಿದ್ದರೆ ಮುಂದೆ ಹೆಚ್ಚಬಹುದು, ಅವನೇ ಕಾರಣನಾದರೆ ತಗ್ಗಬಹುದು. ಇದು ದಂಡನೆಯಲ್ಲವೆಂದು ನ್ಯಾಯಾಲಯಗಳು ಮತ್ತೆಮತ್ತೆ ಹೇಳಿವೆ. ಆದರೂ ವರುಷಗಟ್ಟಲೆ ಎಳೆದರೆ ಅದು ದಂಡನೆಗಿಂತ ಕ್ರೂರವಾಗಬಲ್ಲದೆಂಬುದಕ್ಕೆ ನಮ್ಮ ನಾಡಿನದೇ ಒಂದು ನಿದರ್ಶನವುಂಟು. ಶಾಲೆಯದಲ್ಲ, ಕೋಲಾರದ ಚಿನ್ನದ ಗಣಿಯದು.

ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಯ ಭದ್ರತಾ ಅಧಿಕಾರಿಯಾಗಿದ್ದ ಕ್ಯಾಪ್ಟನ್ ಎಂ. ಪಾಲ್ ಆಂಥೊನಿ ಅವರ ಮನೆಯ ಮೇಲೆ 1985ರ ಜೂನ್‌ನಲ್ಲಿ ಪೊಲೀಸರು ದಾಳಿಮಾಡಿ, 4.5 ಗ್ರಾಂ ತೂಕದ ಚಿನ್ನದ ಉಂಡೆಯೊಂದೂ 1,276 ಗ್ರಾಂ ಚಿನ್ನಮಿಶ್ರಿತ ಮರಳೂ ದೊರೆತವೆಂದರು. ಮೊಕದ್ದಮೆ ಹೂಡಲಾಯಿತು, ಅಮಾನತ್ತಿನ ಆದೇಶ ಹೊರಟಿತು, ಇಲಾಖಾ ವಿಚಾರಣೆಯೂ ಜೊತೆಯಲ್ಲಿಯೇ ಮೊದಲಾಯಿತು. ಭತ್ಯೆ ಮಾತ್ರ ಕೈಸೇರಲಿಲ್ಲ. ಕೇರಳದ ತಮ್ಮ ಊರಿಗೆ ಹೋಗಿದ್ದ ಅವರು ಅಸ್ವಸ್ಥತೆಯಿಂದಲೂ ದಾರಿಖರ್ಚಿಗೆ ಗತಿಯಿಲ್ಲದೆಯೂ ವಿಚಾರಣೆಗೆ ಬರಲಾಗದೆ ಹೋದಾಗ, ಅವರ ಗೈರುಹಾಜರಿಯಲ್ಲಿಯೇ ಅದನ್ನು ಮುಗಿಸಿ 1986ರ ಜೂನ್‌ನಲ್ಲಿ ವಜಾ ಮಾಡಲಾಯಿತು. ಎಂಟು ತಿಂಗಳ ಅನಂತರ, 1987ರ ಫೆಬ್ರವರಿಯಲ್ಲಿ, ದಾಳಿಯ ಕಥೆಯನ್ನೇ ನಂಬಲಾಗದೆಂದು ಕ್ರಿಮಿನಲ್ ನ್ಯಾಯಾಲಯ ಅವರನ್ನು ಬಿಡುಗಡೆಗೊಳಿಸಿತು. ಮರಳಿ ಕೆಲಸ ಕೊಡಬೇಕೆಂಬ ಅಂತಿಮ ಮಾತು ಸುಪ್ರೀಂ ಕೋರ್ಟಿನಿಂದ ಬಂದದ್ದು 1999ರ ಮಾರ್ಚ್ 30ರಂದು. ಅಮಾನತ್ತಿನ ದಿನದಿಂದ ಲೆಕ್ಕಹಾಕಿ ಪೂರ್ತಿ ವೇತನವನ್ನೂ ಭತ್ಯೆಗಳನ್ನೂ 25,000 ರೂಪಾಯಿ ಖರ್ಚನ್ನೂ ಕೊಡಬೇಕೆಂದು ಅದು ಆಜ್ಞಾಪಿಸಿತು. ಹದಿಮೂರು ವರ್ಷಗಳಿಗೂ ಮಿಕ್ಕ ಈ ಅವಧಿ ಮನುಷ್ಯಾಯುಷ್ಯದಲ್ಲಿ ಅಲ್ಪವಲ್ಲ.

ಆ ತೀರ್ಪಿನ ಇನ್ನೊಂದು ಭಾಗ ನಮ್ಮ ಶಾಲೆಗಳಿಗೆ ಇನ್ನೂ ಹೆಚ್ಚು ಪ್ರಸ್ತುತವಾದದ್ದು. ನ್ಯಾಯಾಲಯದ ಮೊಕದ್ದಮೆಯೂ ಇಲಾಖೆಯ ವಿಚಾರಣೆಯೂ ಒಟ್ಟಿಗೆ ನಡೆಯಲು ಅಡ್ಡಿಯಿಲ್ಲ. ಎರಡರ ಸಂಗತಿಗಳೂ ಒಂದೇ ಆಗಿದ್ದು, ಆರೋಪ ಗುರುತರವಾಗಿದ್ದು, ಪ್ರಶ್ನೆಗಳು ಜಟಿಲವಾಗಿದ್ದರೆ ಇಲಾಖೆ ತಡೆದಿರುವುದು ಲೇಸು. ಆದರೆ ಮೊಕದ್ದಮೆ ಅನುಚಿತವಾಗಿ ತಡವಾಗುವುದಾದರೆ ಇಲಾಖೆ ತನ್ನ ವಿಚಾರಣೆಯನ್ನು ಮತ್ತೆ ಕೈಗೆತ್ತಿಕೊಳ್ಳಬಹುದು. 2015ರಲ್ಲಿ ಅಜಯ್ ಕುಮಾರ್ ಚೌಧರಿ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಮೂರು ತಿಂಗಳೊಳಗೆ ದೋಷಾರೋಪಣಾ ಪಟ್ಟಿ ಕೊಡದಿದ್ದರೆ ಅಮಾನತ್ತನ್ನು ಮುಂದುವರಿಸಕೂಡದೆಂದಿತು. ಇಷ್ಟಿದ್ದೂ ‘ಪ್ರಕರಣ ನ್ಯಾಯಾಲಯದಲ್ಲಿದೆ’ ಎಂಬ ಒಂದೇ ವಾಕ್ಯದ ಮರೆಯಲ್ಲಿ ಕಡತವನ್ನು ಮಲಗಿಸಿಬಿಡುವುದು ನನಗೆ ಅಕ್ಷಮ್ಯವೆನಿಸುತ್ತದೆ. ಅದರಿಂದ ನಿರ್ದೋಷಿ ಬೇಯುತ್ತಾನೆ, ದೋಷಿ ಮನೆಯಲ್ಲಿ ಕುಳಿತು ಭತ್ಯೆ ಪಡೆಯುತ್ತಾನೆ, ದೂರಿತ್ತ ಮಗು ಉತ್ತರವಿಲ್ಲದೆ ಬೆಳೆಯುತ್ತದೆ.

ಮಗುವಿನ ಪಕ್ಷವನ್ನು ಕಾನೂನು ಮರೆತಿಲ್ಲ. 2012ರ ಪೋಕ್ಸೊ ಕಾಯಿದೆಯ ಪ್ರಕಾರ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕಮೇಲೆ ವರದಿ ಮಾಡದಿರುವುದೇ ಅಪರಾಧ. ಶಾಲೆಯ ಸಿಬ್ಬಂದಿಯೇ ಎಸಗಿದರೆ ಅಪರಾಧ ಮತ್ತಷ್ಟು ಗುರುತರ. ಸಾಧ್ಯವಾದಷ್ಟೂ ಒಂದು ವರ್ಷದೊಳಗೆ ವಿಚಾರಣೆ ಮುಗಿಯಬೇಕು. ನವೋದಯ ವಿದ್ಯಾಲಯದ ಉಪಾಧ್ಯಾಯನೊಬ್ಬನು ವಿದ್ಯಾರ್ಥಿನಿಯೊಡನೆ ದುರ್ವರ್ತನೆ ತೋರಿದ ಪ್ರಕರಣದಲ್ಲಿ, ಬಾಲಕಿಯನ್ನು ಪಾಟೀಸವಾಲಿಗೆ ಗುರಿಮಾಡುವ ವಿಧಿವತ್ತಾದ ವಿಚಾರಣೆಯಿಲ್ಲದೆಯೇ ಅವನನ್ನು ತೆಗೆದುಹಾಕಿದ್ದನ್ನು ಸುಪ್ರೀಂ ಕೋರ್ಟು 1996ರಲ್ಲಿ ಎತ್ತಿಹಿಡಿದದ್ದೂ ಉಂಟು.

ಮರಳಿ ಸೇವೆಗೆ ಸೇರಿಸಿಕೊಂಡದ್ದನ್ನು ನಿರ್ದೋಷಿತ್ವದ ಪ್ರಮಾಣಪತ್ರವೆಂದು ಬಗೆಯುವುದು ಸರಿಯಲ್ಲ. ವಿಚಾರಣೆಯನ್ನು ಬಾಕಿಯಿಟ್ಟು ಅಮಾನತ್ತನ್ನಷ್ಟೇ ತೆರವುಗೊಳಿಸಬಹುದು. ಸಂಶಯದ ಲಾಭದಿಂದ ಬಿಡುಗಡೆಯಾದವನ ಮೇಲೆ ಇಲಾಖೆ ಕ್ರಮ ಮುಂದುವರಿಸಲೂಬಹುದು, ಏಕೆಂದರೆ ಅಲ್ಲಿ ಬೇಕಾದ ಸಾಕ್ಷ್ಯದ ಪ್ರಮಾಣ ನ್ಯಾಯಾಲಯದಲ್ಲಿ ಬೇಕಾದಷ್ಟಿಲ್ಲ. ಹೊರಗಿದ್ದ ಅವಧಿಯನ್ನು ಕರ್ತವ್ಯವೆಂದು ಪರಿಗಣಿಸಬೇಕೇ ಎಂಬುದನ್ನು ಪ್ರತ್ಯೇಕವಾಗಿ ತೀರ್ಮಾನಿಸಿ ಸೇವಾ ಪುಸ್ತಕದಲ್ಲಿ ಬರೆಯಬೇಕು. ವಾರ್ಷಿಕ ಬಡ್ತಿಯೂ ನಿವೃತ್ತಿವೇತನವೂ ಆ ಬರಹವನ್ನು ಅವಲಂಬಿಸಿವೆ. ಸ್ಥಳನಿಯುಕ್ತಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತವಾದದ್ದು: ವಿಚಾರಣೆ ಮುಗಿಯುವವರೆಗೆ ದೂರಿತ್ತ ಮಗು ಓದುವ ಶಾಲೆಗಂತೂ ಅವನನ್ನು ಕಳುಹಿಸಲಾಗದು, ಸಾಧ್ಯವಾದರೆ ಮಕ್ಕಳ ಸಂಪರ್ಕವಿಲ್ಲದ ಕಚೇರಿಯ ಕೆಲಸಕ್ಕೆ ಹಾಕಬೇಕು.

ದೊಡ್ಡನೆಕ್ಕುಂದಿಯಂತಹ ಕಡೆ ಖಾಸಗಿ ಶಾಲೆಗಳೇ ಹೆಚ್ಚಾಗಿರುವುದರಿಂದ ಒಂದು ಮಾತನ್ನು ಸೇರಿಸಬೇಕು. 1983ರ ಕರ್ನಾಟಕ ಶಿಕ್ಷಣ ಕಾಯಿದೆಗೆ ಒಳಪಟ್ಟ ಸಂಸ್ಥೆಗಳಲ್ಲಿ ವಿಚಾರಣೆಯಿಲ್ಲದೆ ಉಪಾಧ್ಯಾಯರನ್ನು ವಜಾಮಾಡುವಂತಿಲ್ಲ. ಆಡಳಿತ ಮಂಡಳಿಯ ಆದೇಶದಿಂದ ನೊಂದವರು ಮೂರು ತಿಂಗಳೊಳಗೆ ಶಿಕ್ಷಣ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. ‘ನಾಳೆಯಿಂದ ಬರಬೇಡಿ’ ಎಂಬ ಬಾಯಿಮಾತನ್ನು ಕೇಳಿ ಮನೆಗೆ ಹೋಗುವ ಉಪಾಧ್ಯಾಯಿನಿ ಮೊದಲು ಆ ಮಾತನ್ನು ಬರಹದಲ್ಲಿ ಕೇಳಿ ಪಡೆಯಬೇಕು, ಏಕೆಂದರೆ ಮೇಲ್ಮನವಿಯ ದಿನಗಳು ಎಣಿಕೆಯಾಗುವುದು ಆ ಆದೇಶ ಕೈಸೇರಿದಂದಿನಿಂದ.