ಬಿಸಿಲುನಾಡಿನ ಕಿಟಕಿ

ಏಪ್ರಿಲ್ ಕೊನೆಯ ಒಂದು ಸಂಜೆ ಸಿಂಧನೂರಿನ ಹೊಸ ಬಡಾವಣೆಯ ಯಾವುದಾದರೊಂದು ಮನೆಯ ಪಡುವಣ ಕೋಣೆಯನ್ನು ಹೊಕ್ಕು ನೋಡೋಣ. ಕಿಟಕಿಯ ಗಾಜು ಮುಚ್ಚಿದೆ, ಪರದೆ ಎಳೆದಿದೆ, ಫ್ಯಾನು ತಿರುಗುತ್ತಿದೆ. ಆದರೂ ಪರೀಕ್ಷೆಗೆ ಓದುತ್ತಿರುವ ಹುಡುಗನ ಅಂಗಿ ಬೆವರಿನಿಂದ ತೊಯ್ದಿದೆ. ಅದೇ ವೇಳೆಗೆ ಮಸ್ಕಿಯ ಇಲ್ಲವೆ ಲಿಂಗಸುಗೂರಿನ ಹಳೆಯ ಓಣಿಯೊಂದರಲ್ಲಿ, ದಪ್ಪ ಗೋಡೆಯ ಮಣ್ಣಿನ ಮಾಳಿಗೆ ಮನೆಯೊಳಗೆ, ಅಜ್ಜಿ ಚಾಪೆಯ ಮೇಲೆ ನೆಮ್ಮದಿಯಾಗಿ ಮಲಗಿರುತ್ತಾಳೆ. ಆ ಮನೆಗೆ ಗಾಜಿನ ಕಿಟಕಿಯಿಲ್ಲ. ಗೋಡೆಯಲ್ಲೊಂದು ಕಿಂಡಿ, ಮಾಳಿಗೆಯಲ್ಲೊಂದು ಬೆಳಕಿಂಡಿ, ಅಷ್ಟೆ. ಹಾಗೆಂದು ಕತ್ತಲ ಮನೆಗೆ ಮರಳೋಣವೆಂದು ನಾವು ಹೇಳುವುದಿಲ್ಲ. ಬೆಳಕು ಬೇಕು, ಕಾವು ಬೇಡ. ಇದು ಸಾಧ್ಯವೆ?

ಮೊದಲು ಗಾಜಿನ ಸ್ವಭಾವವನ್ನು ಅರಿಯಬೇಕು. ಬಿಸಿಲಿನ ಶಕ್ತಿಯಲ್ಲಿ ಸುಮಾರು ಅರ್ಧಪಾಲು ಕಣ್ಣಿಗೆ ಕಾಣದ ಅವಕೆಂಪು ಕಿರಣಗಳ ರೂಪದಲ್ಲಿರುತ್ತದೆ. ಸಾದಾ ಗಾಜು ಬೆಳಕನ್ನೂ ಈ ಕಿರಣಗಳ ಬಹುಭಾಗವನ್ನೂ ಒಳಕ್ಕೆ ಬಿಡುತ್ತದೆ. ಅವು ನೆಲ, ಗೋಡೆ, ಮಂಚಗಳನ್ನು ಕಾಯಿಸುತ್ತವೆ. ಕಾದ ವಸ್ತುಗಳೂ ಕಿರಣಗಳನ್ನು ಸೂಸುತ್ತವೆ. ಆದರೆ ಅವುಗಳ ಅಲೆಯುದ್ದ ಬಹಳ ಹೆಚ್ಚು, ಸುಮಾರು 10 ಮೈಕ್ರೋಮೀಟರ್. ಅವನ್ನು ಗಾಜು ನೇರವಾಗಿ ದಾಟಗೊಡದು. ಹೀಗೆ ಬಿಸಿಲಿಗೆ ಬಾಗಿಲು ತೆರೆದ ಗಾಜು ಕಾವಿಗೆ ಬಾಗಿಲು ಮುಚ್ಚುತ್ತದೆ.

ಇನ್ನು ಸೂರ್ಯನ ಹಾದಿ. ನಮ್ಮ ಮೂರೂ ಊರುಗಳು ಸುಮಾರು 16 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಮೇ ಮೊದಲ ವಾರದಲ್ಲಿ ನಡುಹಗಲಿನ ಸೂರ್ಯ ಇಲ್ಲಿ ನೆತ್ತಿಯ ಮೇಲಿರುತ್ತಾನೆ. ಆಗ ತೆಂಕಣ ಕಿಟಕಿಗೆ ನೇರ ಬಿಸಿಲು ತಾಗದು. ಸಂಜೆ ನಾಲ್ಕೂವರೆಗೆ ಅವನು ಪಡುವಣದಲ್ಲಿ ಸುಮಾರು 30 ಡಿಗ್ರಿ ಎತ್ತರಕ್ಕೆ ಇಳಿದಿರುತ್ತಾನೆ. ಕಿಟಕಿಯ ಮೇಲೆ 2 ಅಡಿ ಚಾಚಿದ ಸಜ್ಜಾ ಆಗ ಒಂದಡಿಗಿಂತ ಸ್ವಲ್ಪ ಹೆಚ್ಚು ನೆರಳನ್ನು ಮಾತ್ರ ಕೊಡಬಲ್ಲದು. ಉಳಿದ ಗಾಜೆಲ್ಲ ಬಿಸಿಲಿಗೆ ಒಡ್ಡಿಕೊಂಡಿರುತ್ತದೆ.

ಲೆಕ್ಕ ಹಾಕಿ ನೋಡೋಣ. 4 ಅಡಿ ಚೌಕದ ಕಿಟಕಿಯ ವಿಸ್ತೀರ್ಣ ಸುಮಾರು 1.5 ಚದರ ಮೀಟರ್. ಪಡುವಣ ಗೋಡೆಯ ಪ್ರತಿ ಚದರ ಮೀಟರಿಗೆ 500 ವಾಟ್ ಬಿಸಿಲು ಬೀಳುತ್ತಿದೆಯೆಂದೂ, ಅದರ ಐದರಲ್ಲಿ ನಾಲ್ಕು ಪಾಲು ಒಳಬರುವುದೆಂದೂ ಭಾವಿಸೋಣ. ನೆರಳಿಲ್ಲದ ಕಿಟಕಿಯಿಂದ ಬರುವ ಶಕ್ತಿ 600 ವಾಟ್. ಎಂದರೆ 100 ವಾಟಿನ ಆರು ಹಳೆಯ ಬಲ್ಬುಗಳನ್ನು ಕೋಣೆಯಲ್ಲಿ ಉರಿಸಿದಂತೆ! ಗಾಳಿಯ ಕಾವು ಗಾಜಿನ ಮೂಲಕ ಹರಿದು ಬರುವುದು ಬೇರೆ. ಒಂದೇ ಪದರದ ಗಾಜಿನಲ್ಲಿ, ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ, ಚದರ ಮೀಟರಿಗೆ ಸುಮಾರು 5.7 ವಾಟ್ ಹರಿಯುತ್ತದೆ. ಹೊರಗೆ 41, ಒಳಗೆ 33 ಡಿಗ್ರಿ ಸೆಲ್ಸಿಯಸ್ ಇದ್ದರೆ ನಮ್ಮ ಕಿಟಕಿಯ ಪಾಲು 68 ವಾಟ್ ಮಾತ್ರ.

ನಡುವೆ ಗಾಳಿಯನ್ನು ಸೆರೆಹಿಡಿದ ಜೋಡಿ ಗಾಜು ಚಳಿನಾಡುಗಳಲ್ಲಿ ಮನೆಯ ಬೆಚ್ಚನೆಯನ್ನು ಕಾಯುತ್ತದೆ. ಇಲ್ಲಿ ಅದು ಈ 68 ವಾಟನ್ನು ಅರ್ಧಕ್ಕಿಳಿಸಿ 34 ವಾಟ್ ಉಳಿಸೀತು; 600 ವಾಟಿನ ಬಿಸಿಲನ್ನು ಮಾತ್ರ ಅಲ್ಪಸ್ವಲ್ಪ ತಡೆದೀತು. ಆದುದರಿಂದ ನಮ್ಮ ಮೊದಲ ಕೆಲಸ, ಬಿಸಿಲು ಗಾಜನ್ನು ಮುಟ್ಟುವ ಮುನ್ನವೇ ಅದನ್ನು ತಡೆಯುವುದು. ಒಳಗಿನ ಪರದೆ ತಾನು ಕಾದು ಕಾವನ್ನು ಕೋಣೆಗೇ ಕೊಡುತ್ತದೆ. ಹೊರಗೆ ತೂಗಿಸಿದ ಬಿದಿರಿನ ತಟ್ಟಿ ಕಾದರೂ ಆ ಕಾವು ಬಯಲಿನ ಗಾಳಿಗೆ ಹೋಗುತ್ತದೆ. ವಿದ್ಯಾರ್ಥಿಗಳು ಇದನ್ನು ತಾವೇ ಪರೀಕ್ಷಿಸಬಹುದು: ಒಂದು ಸಂಜೆ ಬಟ್ಟೆಯನ್ನು ಗಾಜಿನ ಒಳಗೆ, ಮರುದಿನ ಹೊರಗೆ ಕಟ್ಟಿ, ಕೋಣೆಯ ನಡುವೆ ನೆರಳಿನಲ್ಲಿ ತೂಗಿಸಿದ ಉಷ್ಣಮಾಪಕವನ್ನು ನಾಲ್ಕರಿಂದ ಆರರವರೆಗೆ ಓದಿ ಬರೆದಿಡಿ.

ರಾತ್ರಿ ಕಿಟಕಿಯ ಕೆಲಸ ಬೇರೆ. ಆಗ ಹೊರಗಿನ ಗಾಳಿ ತಣ್ಣಗಾಗುತ್ತದೆ. ಅದನ್ನು ಒಳಗೆ ಹರಿಯಬಿಟ್ಟರೆ ಗೋಡೆಗಳು ತಣಿಯುತ್ತವೆ. ಆದರೆ ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಗದ್ದೆಗಳ ನಡುವಿನ ಸಿಂಧನೂರಿನಲ್ಲಿ ಸೊಳ್ಳೆಗಂಜಿ ಮುಸ್ಸಂಜೆಗೇ ಕಿಟಕಿ ಮುಚ್ಚುವವರುಂಟು. ಅಂಥ ಮನೆಗೆ ದುಬಾರಿ ಗಾಜಿಗಿಂತ ಸೊಳ್ಳೆ ಜಾಲರಿಯೇ ಹೆಚ್ಚು ತಂಪು ತಂದೀತು. ಎರಡು ಪಲ್ಲೆಗಳ ಜಾರುಕಿಟಕಿ ಅರ್ಧ ಮಾತ್ರ ತೆರೆಯುತ್ತದೆ. ಕದಗಳ ಕಿಟಕಿ ಪೂರ್ತಿ ತೆರೆಯುತ್ತದೆ.

ನೆರಳು ಮಾಡಲಾಗದ ಕಡೆ ಬೆಳ್ಳಿಯ ಅತಿ ತೆಳು ಲೇಪವುಳ್ಳ ಗಾಜು ಉಪಯುಕ್ತ. ಅದು ಬೆಳಕನ್ನು ಬಹುಮಟ್ಟಿಗೆ ಬಿಟ್ಟು ಅವಕೆಂಪು ಕಿರಣಗಳನ್ನು ಹಿಂದಕ್ಕೆ ಕಳುಹುತ್ತದೆ. ಬರಿಯ ಬಣ್ಣದ ಗಾಜು ಹಾಗಲ್ಲ. ಅದು ಬಿಸಿಲನ್ನು ಹೀರಿ ತಾನೇ ಕಾಯುತ್ತದೆ. ಕೊಳ್ಳುವಾಗ ಬಣ್ಣವನ್ನು ನೋಡದೆ, ಬಿಸಿಲಿನ ಎಷ್ಟು ಪಾಲು ಒಳಬರುವುದೆಂದು ಕೇಳಬೇಕು. ಮನೆಗಳಿಗಾಗಿ ಭಾರತದ ಇಂಧನ ದಕ್ಷತಾ ಬ್ಯೂರೋ 2018ರಲ್ಲಿ ಹೊರತಂದ ಇಕೋ ನಿವಾಸ ಸಂಹಿತೆಯೂ ತೆರೆಯಬಲ್ಲ ಕಿಟಕಿಯ ಅಳತೆಗೂ ಒಳಬರುವ ಕಾವಿಗೂ ಮಿತಿಗಳನ್ನು ಹೇಳುತ್ತದೆ.

ಮಾಳಿಗೆಯಿಂದ ಇಳಿಯುವ ಕಾವು ಇನ್ನೊಂದು ಲೇಖನದ ವಿಷಯ. ಸಾಲ ಮಾಡಿ ಕಟ್ಟುವ ಮನೆಯಲ್ಲಿ ಮೂವತ್ತು ನಲವತ್ತು ಬೇಸಿಗೆ ಕಳೆಯಬೇಕು. ಕರೆಂಟು ಹೋದ ದಿನ ಮಗುವಿಗೂ ಮುದುಕರಿಗೂ ಆ ಕೋಣೆಯೇ ಗತಿ. ನಿಮ್ಮ ಮನೆಯಲ್ಲಿ ಗೌಂಡಿಯು ಕಿಟಕಿಯ ಗುರುತು ಹಾಕುವ ದಿನ, ಪಡುವಣ ದಿಕ್ಕು ಯಾವುದೆಂದು ಒಮ್ಮೆ ಕೇಳಿರಿ. ಭೌತಶಾಸ್ತ್ರ ಕಲಿತದ್ದಕ್ಕೆ ಅದೇ ಸಾರ್ಥಕ್ಯ.