ಬಯಲುಸೀಮೆಯಲ್ಲಿ ಬೇಸಿಗೆ ರಜೆ: ಪುಟ್ಟ ಮಕ್ಕಳೊಂದಿಗೆ ವಿಶ್ವಾಸದ ಏಳು ವಾರ

ಮಾರ್ಚ್ ತಿಂಗಳ ಕೊನೆ ಬಂತೆಂದರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲೂಕುಗಳಲ್ಲಿ ಉದ್ಯೋಗಕ್ಕಾಗಿ ನೆಲೆಸಿರುವ ನಮ್ಮಂಥ ಕರಾವಳಿಯ ಕಥೋಲಿಕ ಕುಟುಂಬಗಳು ಎದುರಾದಾಗ ಕೇಳುವ ಮಾತು ಒಂದೇ: "ಊರಿಗೆ ಯಾವಾಗ ಹೊರಡ್ತೀರಿ?" ಕೆಲವು ವರ್ಷಗಳ ಹಿಂದೆ ಇದೇ ಮಾತು ನಡೆಯುತ್ತಿದ್ದಾಗ ನಮ್ಮ ಆರು ವರ್ಷದ ಮಗಳು ಕೇಳಿದಳು: "ಪಪ್ಪಾ, ಯೇಸುಸ್ವಾಮಿ ಅಜ್ಜಿ ಊರಲ್ಲಿ ಮಾತ್ರ ಇರೋದಾ?"

ನಮ್ಮಿಬ್ಬರಿಗೂ ತಟ್ಟನೆ ಉತ್ತರ ಹೊಳೆಯಲಿಲ್ಲ. ಯೋಚಿಸಿದರೆ ಮಗುವಿನ ತಪ್ಪೇನೂ ಇರಲಿಲ್ಲ. ಚರ್ಚಿನ ಗಂಟೆ, ಮನೆಮಂದಿಯೆಲ್ಲ ಕೂತು ಹೇಳುವ ಜಪಸರ, ಹಬ್ಬದ ಮೆರವಣಿಗೆ ಎಲ್ಲವನ್ನೂ ಅವಳು ಕಂಡಿದ್ದು ಕರಾವಳಿಯಲ್ಲಿ. ತುಮಕೂರು ಜಿಲ್ಲೆ ಬೆಂಗಳೂರು ಮಹಾಧರ್ಮಪ್ರಾಂತ್ಯಕ್ಕೆ ಸೇರಿದ್ದು. ಇಲ್ಲಿ ನಮ್ಮವರ ಮನೆಗಳು ಅಲ್ಲೊಂದು ಇಲ್ಲೊಂದು. ಪಾವಗಡದಿಂದ ಜಿಲ್ಲಾ ಕೇಂದ್ರಕ್ಕೇ ಸುಮಾರು 100 ಕಿ.ಮೀ. ದಾರಿ. ಹೀಗಿರುವಾಗ ವಿಶ್ವಾಸವೆಂದರೆ ವರ್ಷಕ್ಕೊಮ್ಮೆ ಬಸ್ಸು ಹತ್ತಿ ಹೋಗಿ ನೋಡಿಬರುವ ವಸ್ತು ಎಂದು ಮಗು ತಿಳಿದರೆ ಆಶ್ಚರ್ಯವೇನು?

ಮೊದಲ ಬೇಸಿಗೆಯಲ್ಲಿ ನಾವು ಎಡವಿದ್ದು

ಆ ವರ್ಷ ದೊಡ್ಡ ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿದೆವು. ಬೆಳಿಗ್ಗೆ ಧರ್ಮೋಪದೇಶ, ಮಧ್ಯಾಹ್ನ ಬೈಬಲ್ ಬಾಯಿಪಾಠ, ಸಂಜೆ ಪೂರ್ತಿ ಐವತ್ತು ಮಣಿಯ ಜಪಸರ. ನಾಲ್ಕನೇ ದಿನ ಚಿಕ್ಕವನು ಜಪದ ನಡುವೆ ನಿದ್ದೆಹೋದ, ದೊಡ್ಡವಳು ಅಳತೊಡಗಿದಳು, ನಾವು ಗದರಿದೆವು. ಪ್ರಾರ್ಥನೆಯ ಹೊತ್ತಿಗೆ ಮಕ್ಕಳು ಹೆದರುವಂತಾಯಿತು. ಎರಡನೇ ವಾರಕ್ಕೆ ಪಟ್ಟಿಯನ್ನು ನಾವೇ ತೆಗೆದುಹಾಕಿದೆವು. ಪುಟ್ಟ ಮಕ್ಕಳಿಗೆ ಬೇಕಾಗಿರುವುದು ಇನ್ನೊಂದು ಶಾಲೆಯಲ್ಲ ಎಂಬುದು ಆಗ ಅರ್ಥವಾಯಿತು.

ಆಮೇಲೆ ಒಂದು ಸಂಗತಿ ಗಮನಕ್ಕೆ ಬಂತು. ಯೇಸುಸ್ವಾಮಿ ಕಥೆಗಳಲ್ಲಿ ಹೇಳಿದ ಕಲ್ಲುನೆಲ, ಮುಳ್ಳುಗಿಡ, ಕುರಿಮಂದೆ, ಬಾವಿಕಟ್ಟೆ, ಮಳೆಗೆ ಕಾಯುವ ರೈತ, ಇವೆಲ್ಲ ನಮ್ಮ ಕರಾವಳಿಯ ತೆಂಗಿನ ತೋಟಕ್ಕಿಂತ ಈ ಬಯಲುಸೀಮೆಗೇ ಹೆಚ್ಚು ಹತ್ತಿರ. ಶುಭಸಂದೇಶದ ಚಿತ್ರಗಳು ನಮ್ಮ ಬಾಗಿಲಲ್ಲೇ ಇದ್ದವು. ನಾವು ಮಾತ್ರ ಊರಿನ ದಾರಿ ನೋಡುತ್ತಿದ್ದೆವು.

ಏಳು ವಾರ, ಐವತ್ತು ದಿನ

ನಮ್ಮ ಶಾಲೆಗಳಿಗೆ ಸಾಮಾನ್ಯವಾಗಿ ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ರಜೆ. ಈಸ್ಟರ್ ಹಬ್ಬ ಮಾರ್ಚ್ 22 ಮತ್ತು ಏಪ್ರಿಲ್ 25ರ ನಡುವೆ ಬರುತ್ತದೆ. ಅಲ್ಲಿಂದ ಪವಿತ್ರಾತ್ಮರ ಹಬ್ಬದವರೆಗೆ ಐವತ್ತು ದಿನ ಧರ್ಮಸಭೆಗೆ ಸಂಭ್ರಮದ ಕಾಲ. ಹೀಗಾಗಿ ರಜೆಯ ಬಹುಪಾಲು ಈಸ್ಟರ್ ಕಾಲದಲ್ಲೇ ಕಳೆಯುತ್ತದೆ. ಮೇ ತಿಂಗಳು ಮಾತೆ ಮರಿಯಮ್ಮನವರಿಗೆ ಮೀಸಲು. ಮೇ 1 ಕಾರ್ಮಿಕರ ಪಾಲಕ ಸಂತ ಜೋಸೆಫರ ಸ್ಮರಣೆ. ಮೇ 15 ರೈತರ ಪಾಲಕ ಸಂತ ಇಸಿದೋರರ ಹಬ್ಬ. ಸ್ಪೇನಿನ ಮ್ಯಾಡ್ರಿಡ್ ಬಳಿ ಬೇರೆಯವರ ಹೊಲದಲ್ಲಿ ದುಡಿದ ಈ ಕೂಲಿಯಾಳನ್ನು 1622ರಲ್ಲಿ, ಸಂತ ಫ್ರಾನ್ಸಿಸ್ ಝೇವಿಯರರ ಜೊತೆ ಒಂದೇ ದಿನ ಸಂತರೆಂದು ಘೋಷಿಸಲಾಯಿತು. ಪಕ್ಕದ ಹೊಲದಲ್ಲಿ ಕೂಲಿ ಮಾಡುವವರನ್ನು ದಿನವೂ ನೋಡುವ ಮಕ್ಕಳಿಗೆ ಈ ಸಂತರು ಬೇಗ ಹತ್ತಿರವಾಗುತ್ತಾರೆ.

ಈಗ ನಾವು ವಾರಕ್ಕೊಂದೇ ವಿಷಯ ಇಟ್ಟುಕೊಳ್ಳುತ್ತೇವೆ. ಒಂದು ಕಥೆ, ನೋಡಲು ಒಂದು ಜಾಗ, ಕೈಯಿಂದ ಮಾಡುವ ಒಂದು ಕೆಲಸ, ಇಷ್ಟೇ.

ಬೀಜದ ವಾರ: ನಾಲ್ಕು ಹಳೆಯ ಡಬ್ಬಗಳನ್ನು ತನ್ನಿ. ಒಂದರಲ್ಲಿ ತುಳಿದು ಗಟ್ಟಿಮಾಡಿದ ಮಣ್ಣು, ಇನ್ನೊಂದರಲ್ಲಿ ಜಲ್ಲಿಕಲ್ಲು, ಮತ್ತೊಂದರಲ್ಲಿ ಬೇರುಸಮೇತ ಕಳೆ, ಕೊನೆಯದರಲ್ಲಿ ಗೊಬ್ಬರ ಬೆರೆಸಿದ ಹದವಾದ ಮಣ್ಣು ಹಾಕಿ. ನಾಲ್ಕರಲ್ಲೂ ಹುರುಳಿಕಾಳು ಚೆಲ್ಲಿ ಸ್ವಲ್ಪ ನೀರು ಕೊಡಿ. ವಾರದೊಳಗೆ ಬಿತ್ತುವವನ ಸಾಮತಿಯನ್ನು ಮಕ್ಕಳೇ ನಿಮಗೆ ವಿವರಿಸುತ್ತಾರೆ.

ಕುರಿಯ ವಾರ: ಶಿರಾ, ಮಧುಗಿರಿ ಕಡೆ ಸಂಜೆ ಕುರಿಮಂದೆ ರೊಪ್ಪಕ್ಕೆ ಮರಳುವುದನ್ನು ತೋರಿಸಿ. ಕುರಿ ಕಾಯುವ ಅಣ್ಣನನ್ನು ವಿನಯದಿಂದ ಕೇಳಿ: "ಒಂದು ತಪ್ಪಿಸಿಕೊಂಡರೆ ಗೊತ್ತಾಗುತ್ತಾ?" ಅವರ ಉತ್ತರ ಕೇಳಿದ ಮೇಲೆ ಕಳೆದುಹೋದ ಕುರಿಯ ಕಥೆಗೆ ಬೇರೆ ವಿವರಣೆ ಬೇಡ.

ಹಕ್ಕಿಯ ವಾರ: ಶಿರಾ ಸಮೀಪದ ಕಗ್ಗಲಡು ಗ್ರಾಮದಲ್ಲಿ ಊರೊಳಗಿನ ಹುಣಸೆಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡುಕಟ್ಟಿ ಮರಿಮಾಡುತ್ತವೆ. ಗ್ರಾಮಸ್ಥರೇ ಅವುಗಳಿಗೆ ಕಾವಲು. ದೂರ ನಿಂತು, ಸದ್ದು ಮಾಡದೆ ನೋಡಬೇಕು. ಆಕಾಶದ ಹಕ್ಕಿಗಳನ್ನು ತಂದೆಯಾದ ದೇವರು ಸಾಕುತ್ತಾರೆಂದು ಹೇಳುವಾಗ, ಅದಕ್ಕೆ ಮನುಷ್ಯರ ಕೈಗಳನ್ನೂ ಬಳಸುತ್ತಾರೆಂದು ಸೇರಿಸಿ ಹೇಳಿ. ಮನೆಗೆ ಬಂದು ತಾರಸಿಯ ಮೇಲೆ ಹಕ್ಕಿಗೆ ನೀರಿಡುವ ಕೆಲಸ ಮಕ್ಕಳದು.

ನೀರಿನ ವಾರ: ದೇವರಾಯನದುರ್ಗದಲ್ಲಿ ಹುಟ್ಟಿ ಕೊರಟಗೆರೆ, ಮಧುಗಿರಿ ತಾಲೂಕುಗಳಲ್ಲಿ ಹರಿಯುವ ಜಯಮಂಗಲಿ ನದಿಯ ಒಣಮರಳನ್ನು ತೋರಿಸಿ. ಪಾವಗಡದ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಜನ ಶುದ್ಧ ನೀರಿನ ಘಟಕದ ಮುಂದೆ ಕ್ಯಾನ್ ಹಿಡಿದು ನಿಲ್ಲುತ್ತಾರೆ. ಬಾವಿಯ ಬಳಿ ಸಮಾರಿಯದ ಹೆಂಗಸಿನಿಂದ ಯೇಸು ನೀರು ಕೇಳಿದ ಕಥೆ ಹೇಳಬೇಕಾದ ಜಾಗ ಇದೇ. ಆ ವಾರ ಮನೆಗೆ ಬರುವ ಅಂಚೆಯವರು, ಸಿಲಿಂಡರ್ ತರುವವರು, ಯಾರೇ ಇರಲಿ, ಮೊದಲು ನೀರು ಕೊಡುವುದು ಮಕ್ಕಳ ಕೈಯಿಂದ.

ಬೆಳಕಿನ ವಾರ: ಪಾವಗಡದ ತಿರುಮಣಿ ಸುತ್ತಲಿನ ಐದು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರವಿದ್ಯುತ್ ಪಾರ್ಕ್ ಇದೆ. ಬೆಳೆ ಒಣಗಿಸುವ ಬಿಸಿಲೇ ದೀಪ ಹಚ್ಚುವುದನ್ನು ರಸ್ತೆಯಿಂದಲೇ ತೋರಿಸಬಹುದು. ರಾತ್ರಿ ಒಂದು ಮೇಣದಬತ್ತಿ ಹಚ್ಚಿ ಈಸ್ಟರ್ ಜಾಗರಣೆಯ ಬೆಳಕನ್ನು ನೆನಪಿಸಿ.

ಬಂಡೆಯ ವಾರ: ಮಧುಗಿರಿಯ ಏಕಶಿಲಾ ಬೆಟ್ಟದ ಬುಡಕ್ಕೆ ಬೆಳಿಗ್ಗೆ ಬಿಸಿಲೇರುವ ಮೊದಲೇ ಹೋಗಿ. ಪುಟ್ಟವರಿಗೆ ಕೋಟೆಯ ಮೊದಲ ಬಾಗಿಲವರೆಗಿನ ಮೆಟ್ಟಿಲುಗಳೇ ಸಾಕು. ಬಂಡೆಯ ಮೇಲೆ ಕಟ್ಟಿದ ಮನೆಯ ಕಥೆಯನ್ನು ಅಲ್ಲೇ ಕುಳಿತು ಹೇಳಿ.

ಏಳನೇ ವಾರ ಅಜ್ಜಿಯ ಮನೆ. ಊರಿಗೆ ಹೋಗುವುದನ್ನು ನಾವು ಬಿಟ್ಟಿಲ್ಲ, ಬಿಡಲೂ ಬಾರದು.

ಜಪಸರ, ಬಲಿಪೂಜೆ, ನೆರೆಹೊರೆ

ಸಂಜೆಯ ಜಪಸರ ಈಗ ಹತ್ತೇ ಮಣಿ. ಒಂದೊಂದು ಮಣಿಗೆ ಮಕ್ಕಳೇ ಒಂದೊಂದು ಹೆಸರು ಹೇಳುತ್ತಾರೆ: ಶಾಲೆಯ ಮಿಸ್, ಜ್ವರ ಬಂದ ಗೆಳೆಯ, ಬೀದಿನಾಯಿ ಕೂಡ! ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಪಾವಗಡದ ಬೀದಿಯಲ್ಲಿ ತೆಲುಗು. ಯಾವ ಭಾಷೆಯಲ್ಲಿ ಹೇಳಿದರೂ ದೇವರಿಗೆ ಕೇಳುತ್ತದೆ. ಬಲಿಪೂಜೆಗೆ ಹೋಗುವ ಭಾನುವಾರವನ್ನು ಮೊದಲೇ ಗೊತ್ತುಮಾಡಿ, ಹಿಂದಿನ ರಾತ್ರಿಯೇ ಬಟ್ಟೆ ತೆಗೆದಿಡಿ. ದೂರದ ದಾರಿಯೂ ಪ್ರಾರ್ಥನೆಯ ಭಾಗವೇ. ಹೋಗಲಾಗದ ಭಾನುವಾರ ಅಂದಿನ ಶುಭಸಂದೇಶವನ್ನು ಮನೆಯಲ್ಲೇ ಓದಿರಿ. ಈಸ್ಟರ್ ತಿಂಡಿಯನ್ನು ನೆರೆಮನೆಗಳಿಗೆ ಮಕ್ಕಳ ಕೈಯಲ್ಲೇ ಕಳಿಸಿ. ಅವರ ಹಬ್ಬದ ಊಟಕ್ಕೆ ಕರೆದಾಗ ಪ್ರೀತಿಯಿಂದ ಹೋಗಿ.

ಎಲ್ಲ ವಾರವೂ ಅಂದುಕೊಂಡಂತೆ ನಡೆಯುವುದಿಲ್ಲ. ಒಮ್ಮೆ ಜ್ವರ, ಒಮ್ಮೆ ಕೆಲಸದ ಒತ್ತಡ, ಒಮ್ಮೆ ಮೊಬೈಲಿನದೇ ಗೆಲುವು. ಚಿಂತೆ ಬೇಡ. ಏಳರಲ್ಲಿ ಮೂರು ವಾರ ನಡೆದರೂ ಲಾಭವೇ.

ಕಳೆದ ಬೇಸಿಗೆಯಲ್ಲಿ ಅಜ್ಜಿಯ ಮನೆಯಲ್ಲಿ ಜಪ ಮುಗಿದ ಮೇಲೆ ಮಗಳು ಅಜ್ಜಿಗೆ ಕುರಿರೊಪ್ಪದ ಕಥೆ ಹೇಳುತ್ತಿದ್ದಳು. ಕೊನೆಗೆ ಅಂದಳು: "ಅಜ್ಜಿ, ನೀವೊಮ್ಮೆ ನಮ್ಮೂರಿಗೆ ಬನ್ನಿ. ಯೇಸುಸ್ವಾಮಿ ಹೇಳಿದ್ದೆಲ್ಲ ಅಲ್ಲಿದೆ." ಅಂದು ನಮಗೆ ಹೊಳೆಯದ ಉತ್ತರವನ್ನು ಅವಳೇ ಕಂಡುಕೊಂಡಿದ್ದಳು. ನಿಮ್ಮ ಮಕ್ಕಳೂ ತಾವಿರುವಲ್ಲೇ ದೇವರನ್ನು ಕಾಣುವಂತಾಗಲಿ.