ಕುಣಿಯಲಾರದವಳಿಗೆ ನೆಲ ಡೊಂಕೇ?

ಭಜನಾ ಮಂಡಳಿಯಲ್ಲಿ ಪಕ್ಕದ ಮನೆಯಾಕೆ ಹೊಸ ಸ್ಕೇಲ್ ಚೇಂಜರ್ ಹಾರ್ಮೋನಿಯಂ ತಂದರೆ ಸಾಕು, ನಮ್ಮ ಮನೆಯ ಹಳೆಯದು ಒಮ್ಮೆಲೇ ಸಪ್ಪೆ ಎನಿಸಿಬಿಡುತ್ತದೆ ಅಲ್ಲವೇ? ಬಳ್ಳಾರಿಯಾಗಲಿ, ಸಿರುಗುಪ್ಪ, ಕುರುಗೋಡು ಆಗಲಿ, ಶ್ರಾವಣ ಹತ್ತಿರ ಬಂದಂತೆ ‘ನಮಗೂ ಒಂದು ಹೊಸದು ಬೇಕ್ರಿ’ ಎಂಬ ಬೇಡಿಕೆ ಶುರು. ಚೀಟಿ ದುಡ್ಡಿಗೆ ಕೈ ಹಾಕುವ ಮುನ್ನ ಸ್ವಲ್ಪ ನಿಲ್ಲಿ.

ಸ್ಕೇಲ್ ಚೇಂಜರ್ ಮಾಡುವ ಕೆಲಸ ಇಷ್ಟೇ: ಮನೆಗಳ ಸಾಲನ್ನೇ ಅತ್ತಿತ್ತ ಸರಿಸಿ, ಅದೇ ಬೆರಳಿನಲ್ಲಿ ಬೇರೆ ಶ್ರುತಿ ಕೊಡುತ್ತದೆ. ಬೆರಳಿಗೇ ಅಭ್ಯಾಸವಿಲ್ಲದಿದ್ದರೆ ಅದು ಏನು ಸರಿಸಿ ಏನು ಪ್ರಯೋಜನ? ಸಾಮಾನ್ಯ ಹಾರ್ಮೋನಿಯಂನಲ್ಲೇ ಮೂರೂವರೆ ಸಪ್ತಕ, 42 ಮನೆಗಳಿರುತ್ತವೆ. ನಾವು ಹಾಡುವ ದೇವರನಾಮಗಳಿಗೆ ಹೆಚ್ಚಾಗಿ ಎರಡು ಸಪ್ತಕ ಸಾಕು.

ನಮ್ಮ ಜಿಲ್ಲೆಯ ದರೋಜಿ ಈರಮ್ಮನವರನ್ನೇ ನೋಡಿ. ಅಕ್ಷರ ಬಾರದ ಆಕೆ ತಂಬೂರಿ ಹಿಡಿದು ಬುರ್ರಕಥೆ ಹಾಡುತ್ತಲೇ ನಾಡಿಗೆಲ್ಲ ಹೆಸರಾದರು. 2014ರಲ್ಲಿ ಅವರು ತೀರಿಕೊಂಡಾಗ ಜನ ನೆನೆದದ್ದು ಅವರ ಕಂಠವನ್ನು, ನೆನಪಿನಲ್ಲಿದ್ದ ಕಾವ್ಯಗಳನ್ನು. ತಂಬೂರಿಯ ಬೆಲೆ ಯಾರು ಕೇಳಿದರು?

ಹಾಗಾದರೆ ಮಾಡಬೇಕಾದ್ದೇನು?

* ಮೊದಲು ಪೆಟ್ಟಿಗೆ ಪರೀಕ್ಷಿಸಿ. ಸ್ಟಾಪರ್‌ಗಳನ್ನೆಲ್ಲ ಮುಚ್ಚಿ, ಯಾವ ಮನೆಯನ್ನೂ ಒತ್ತದೆ, ತಿದಿಯನ್ನು ಮೆಲ್ಲಗೆ ಒತ್ತಿ. ಗಾಳಿ ತುಂಬಿ ಕೈಗೆ ಬಿಗಿ ಹತ್ತಬೇಕು. ಹಗುರಾಗೇ ಆಡಿದರೆ ಎಲ್ಲೋ ಗಾಳಿ ಸೋರುತ್ತಿದೆ ಎಂದರ್ಥ. ಸೋರಿಕೆ, ಅಂಟಿಕೊಂಡ ಮನೆ, ಬೇಸೂರಾದ ರೀಡು ಇವೆಲ್ಲ ರಿಪೇರಿಯಾಗುವಂಥವು.
* ನಮ್ಮೂರಿನ ಬೇಸಿಗೆ ಗೊತ್ತಲ್ಲ, 40 ಡಿಗ್ರಿ ದಾಟುತ್ತದೆ. ಬಿಸಿಲು ಬೀಳುವ ಕಿಟಕಿ ಪಕ್ಕವೂ ಬೇಡ, ಕೂಲರ್ ಎದುರೂ ಬೇಡ. ನುಡಿಸಿದ ಮೇಲೆ ಧೂಳು ಒರೆಸಿ, ಬಟ್ಟೆ ಹೊದಿಸಿಡಿ.
* ಎಲ್ಲರೂ ಕೆಲಸಕ್ಕೆ, ಶಾಲೆಗೆ ಹೋದ ಮೇಲೆ ದಿನಕ್ಕೆ 20 ನಿಮಿಷ ಕೂತ್ಕೊಳ್ಳಿ. ಮೊದಲ ಐದು ನಿಮಿಷ ಒಂದೇ ಸ್ವರ ಹಿಡಿದು, ದನಿ ಏರಿಳಿಯದಂತೆ ತಿದಿ ಒತ್ತುವುದು. ಆಮೇಲೆ ಸರಳೆ, ಅಲಂಕಾರ. ಮೊದಲು ನಿಧಾನ, ಆಮೇಲೆ ಎರಡನೇ ಕಾಲ.
* ಬರುವ ಒಂದೇ ಹಾಡನ್ನು ಮೂರು ಬೇರೆ ಬೇರೆ ಮನೆಗಳನ್ನು ಷಡ್ಜ ಮಾಡಿಕೊಂಡು ನುಡಿಸಿ. ಸ್ಕೇಲ್ ಚೇಂಜರ್ ಮಾಡುವ ಕೆಲಸವನ್ನು ಆಗ ನಿಮ್ಮ ಬೆರಳೇ ಮಾಡುತ್ತದೆ!

ಹೊಸದು ಬೇಡವೇ ಬೇಡ ಅಂತಲ್ಲ. ಶ್ರುತಿ ಮಾಡಿಸಿದರೂ ನಿಲ್ಲದಷ್ಟು ರೀಡು ಸವೆದಿದ್ದರೆ, ಬೇರೆ ಬೇರೆ ಕಂಠದವರಿಗೆ ಸಾಥ್ ಕೊಡುವಷ್ಟು ಕೈ ಪಳಗಿದ್ದರೆ ಧಾರಾಳವಾಗಿ ಕೊಳ್ಳಿ. ಆಗ ಅಂಗಡಿಯಲ್ಲಿ ಕೂತು ನುಡಿಸಿ ನೋಡಿ ಆರಿಸುವಷ್ಟು ತಿಳಿವಳಿಕೆಯೂ ನಿಮಗೆ ಬಂದಿರುತ್ತದೆ.

ಅಭ್ಯಾಸವಿಲ್ಲದೆ ಕೊಂಡದ್ದು ಎರಡೇ ತಿಂಗಳಲ್ಲಿ ಮಂಚದ ಕೆಳಗೆ ಸೇರುತ್ತದೆ. ದುಡ್ಡು ಹೋದರೆ ಹೋಯಿತು, ‘ನನಗೆ ಸಂಗೀತ ಹತ್ತಲ್ಲ ಬಿಡ್ರಿ’ ಎಂದು ನೀವು ಕೈಚೆಲ್ಲುತ್ತೀರಲ್ಲ, ಅದು ನಿಜವಾದ ನಷ್ಟ. ದಿನವೆಲ್ಲ ಮನೆಯವರಿಗಾಗಿ ದುಡಿಯುವ ನಮಗೆ ನಮ್ಮದೇ ಅಂತ ಸಿಗುವ ಹೊತ್ತು ಆ 20 ನಿಮಿಷ. ಅದನ್ನು ಮಾತ್ರ ಕಳೆದುಕೊಳ್ಳಬೇಡಿ. ಇವತ್ತೇ ಹಳೆಯ ಪೆಟ್ಟಿಗೆಯ ಧೂಳು ಕೊಡವಿ!